ನೆಲ ಸೀನಿದ ಶನಿವಾರ

ಜಯಪಾಲನ ಗ್ರಹಚಾರ ಆ ದಿನ ಹೆಂಡತಿಯ ಮೂಗಿನ ಮೂಲಕ ಬಂತು.

ಶನಿವಾರ ಬೆಳಿಗ್ಗೆ ಅವನು ಸೋಫಾದಲ್ಲಿ ಕಾಲು ಚಾಚಿ, ಊರಿನ ವಾಟ್ಸಾಪ್ ಗುಂಪಿನಲ್ಲಿ ನಡೆಯುತ್ತಿದ್ದ ಜಗಳವನ್ನು ಸುಖವಾಗಿ ಓದುತ್ತಿದ್ದ. ಅಡುಗೆಮನೆಯಲ್ಲಿ ಗೋಳಿಬಜೆಗೆ ಹಿಟ್ಟು ಕಲಸುತ್ತಿದ್ದ ಲೋಲಾಕ್ಷಿ ಬೆರಳಿಗೆ ಅಂಟಿದ ಹಿಟ್ಟಿನ ಸಮೇತ ಹಾಲ್‌ಗೆ ಬಂದು ನಿಂತಳು. ತಲೆ ಎತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂಗು ತಿರುಗಿಸಿದಳು.

"ಇವ್ರೇ, ಇಲ್ಲಿ ಎಂತದೋ ವಾಸನೆ ಉಂಟು."

"ಎಂತ ವಾಸನೆ?"

"ಎಂತದು ಅಂತ ಗೊತ್ತಿದ್ರೆ ಅದರ ಹೆಸರೇ ಹೇಳ್ತಿದ್ದೆನಲ್ಲ. ವಾಸನೆ ಅಂತ ಯಾಕೆ ಹೇಳ್ತಿದ್ದೆ?"

ಆ ಮನೆಯಲ್ಲಿ ವಾಸನೆ ಬಂದರೆ ಮೊದಲು ಸಿಕ್ಕಿಬೀಳುವುದು ಜಯಪಾಲನ ಬೂಟು. ಊರಲ್ಲಿ ಕಳವಾದಾಗ ಪೊಲೀಸರು ಹಳೇ ಕಳ್ಳನನ್ನು ಕರೆಸುತ್ತಾರಲ್ಲ, ಹಾಗೆ. ಬೂಟು ಹೊರಗೆ ಹೋಯಿತು. ವಾಸನೆ ಹೋಗಲಿಲ್ಲ. ಬೂಟಿನ ಹಿಂದೆ ಅವನ ಕಾಲುಚೀಲ ಹೋಯಿತು, ಆಫೀಸಿನ ಬ್ಯಾಗು ಹೋಯಿತು, ಅವನು ಒರಗಿ ಟೀವಿ ನೋಡುವ ದಿಂಬು ಹೋಯಿತು. ಕೊನೆಗೆ ಲೋಲಾಕ್ಷಿ ಗಂಡನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾನು ಸ್ನಾನ ಮಾಡಿದ್ದೇನೆ" ಎಂದ ಜಯಪಾಲ ಆತುರದಲ್ಲಿ.

ಬೇರೆ ದಿನವಾಗಿದ್ದರೆ ಊದುಬತ್ತಿ ಹಚ್ಚಿ ಮುಗಿಸಬಹುದಿತ್ತು. ಆದರೆ ಅಂದು ಸಂಜೆ ಒಂದೂವರೆ ಗಂಟೆ ದಾರಿಯಾಚೆಯ ಅಲ್ ಐನ್‌ನಿಂದ ಗಂಡಿನ ಕಡೆಯವರು ಬರುವವರಿದ್ದರು. ಮಗಳು ಭವ್ಯಶ್ರೀ ಫಿಸಿಯೋಥೆರಪಿಸ್ಟ್. ಇಷ್ಟರವರೆಗೆ ಬಂದ ಸಂಬಂಧಗಳಿಗೆಲ್ಲ ಫೋಟೋ ನೋಡುವ ಮೊದಲೇ "ನೋ ಪಪ್ಪಾ" ಎಂದಿದ್ದಳು. ಈ ಹುಡುಗನಿಗೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಶ್ರವಣ್‌ಗೆ ಮಾತ್ರ, ಏನು ದೇವರ ಕೃಪೆಯೋ, "ನೋಡುವ" ಎಂದುಬಿಟ್ಟಿದ್ದಳು. ಆ ಒಂದು "ನೋಡುವ"ಕ್ಕಾಗಿ ಲೋಲಾಕ್ಷಿ ಊರಿನ ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡಿದ್ದಳು. ಅಂಥ ಹೊತ್ತಿಗೆ ಮನೆಯ ನಡುವೆ ಒದ್ದೆ ಗೋಣಿಚೀಲದ ಮೇಲೆ ನಾಯಿ ಮಲಗಿದಂಥ ವಾಸನೆ!

"ಹುಡುಗನ ಅಮ್ಮ ಒಳಗೆ ಬಂದು ಮೂಗು ಮುಚ್ಚಿಕೊಂಡ್ರೆ ನಾನು ಅಲ್ಲೇ ಸತ್ತುಹೋಗ್ತೇನೆ" ಎಂದಳು ಲೋಲಾಕ್ಷಿ.

ಬಾಗಿಲ ಹೊರಗೆ ಜಯಪಾಲನ ಬೂಟು, ದಿಂಬು, ಬ್ಯಾಗು ಸಾಲಾಗಿ ಕೂತದ್ದನ್ನು ಕಂಡು ಮಹಡಿಯ ಲೆಸ್ಲಿ ಮೆಟ್ಟಿಲಿಳಿದು ಬಂದ. ದುಬೈಯ ಮಿರ್ದಿಫ್‌ನ ಆ ಹಳೇ ವಿಲ್ಲಾವನ್ನು ಮಾಲೀಕ ಮೂರು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದ. ಕೆಳಗೆ ಜಯಪಾಲ, ಮೇಲೆ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಲೆಸ್ಲಿ ಮತ್ತು ಅವನ ಹೆಂಡತಿ ಒಲಿಂಡಾ, ಹಿಂಬದಿಯಲ್ಲಿ ಮಗ ಸೊಸೆಯ ಜೊತೆ ಉಳ್ಳಾಲದ ಆಚುಮ್ಮ. ಮೂರೂ ಮನೆಗೆ ಬಾಗಿಲು ಬೇರೆ ಬೇರೆ ಇದ್ದವು, ಆದರೆ ಒಬ್ಬರ ಸಮಸ್ಯೆ ಮೂರೂ ಮನೆಯವರ ಆಸ್ತಿಯಾಗಿತ್ತು.

"ಏನು ಜಯಪಾಲ್, ಮನೆ ಖಾಲಿ ಮಾಡ್ತೀರಾ?" ಎಂದ ಲೆಸ್ಲಿ.

ವಿಷಯ ತಿಳಿದದ್ದೇ ಅವನ ಮುಖ ಅರಳಿತು. ಲೆಸ್ಲಿಗೆ ಪರರ ಮನೆಯ ರಿಪೇರಿ ಎಂದರೆ ಪಂಚಪ್ರಾಣ. ಹಾಲ್‌ನ ಮೂಲೆಮೂಲೆಗೆ ಹೋಗಿ ಮೂಸಿದ, ಗೋಡೆ ಮೂಸಿದ, ಕೊನೆಗೆ ಮಂಡಿಯೂರಿ ನೆಲಕ್ಕೆ ಮೂಗು ತಾಗಿಸಿದ. ಮೂಲೆಯಲ್ಲಿ ಮಹಡಿಯಿಂದ ಇಳಿದು ಬಂದ ಒಂದು ಪೈಪು ನೆಲವನ್ನು ತೂರಿ ಕೆಳಗೆ ಹೋಗಿತ್ತು. ಅದರ ಸುತ್ತ ಎರಡು ಬೆರಳು ಹೋಗುವಷ್ಟು ಸಂದು.

"ಇಲ್ಲಿಂದ! ವಾಸನೆ ನಿಮ್ಮ ಮನೆಯದ್ದಲ್ಲ, ನಿಮ್ಮ ಮನೆಯ ಅಡಿಯದ್ದು" ಎಂದು ಘೋಷಿಸಿದ.

ಆ ವಿಲ್ಲಾಕ್ಕೆ ಒಂದು ವಿಚಿತ್ರವಿತ್ತು. ಕಟ್ಟಿಸಿದವನು ಯಾವ ಮಳೆಗೆ ಹೆದರಿದ್ದನೋ, ಮನೆಯನ್ನು ನೆಲದಿಂದ ಸೊಂಟದೆತ್ತರಕ್ಕೆ ಏರಿಸಿ, ಅಡಿಯಲ್ಲಿ ಪೈಪುಗಳಿಗಾಗಿ ಟೊಳ್ಳು ಬಿಟ್ಟಿದ್ದ. ಸಿಟೌಟಿನ, ಅಂದರೆ ಮುಂದಿನ ಜಗಲಿಯ, ಪಕ್ಕದಲ್ಲಿ ಅದಕ್ಕೊಂದು ಪುಟ್ಟ ಕಬ್ಬಿಣದ ಬಾಗಿಲು. ಮನುಷ್ಯ ಒಳಗೆ ಹೋಗಬೇಕಾದರೆ ಹೊಟ್ಟೆಯ ಮೇಲೆ ತೆವಳಬೇಕು.

"ಇದಕ್ಕೆ ಕ್ರಾಲ್ ಸ್ಪೇಸ್ ಅಂತ ಹೇಳ್ತಾರೆ" ಎಂದ ಲೆಸ್ಲಿ, ತಾನೇ ಅದಕ್ಕೆ ಜ್ಞಾನಸ್ನಾನ ಮಾಡಿಸಿ ಹೆಸರಿಟ್ಟವನಂತೆ.

ಜಯಪಾಲ ಮಾಲೀಕನ ರಿಪೇರಿ ಆಫೀಸಿಗೆ ಫೋನ್ ಮಾಡಿದ. "ಯಲ್ಲಾ ಸರ್, ಸೋಮವಾರ ಪಕ್ಕಾ" ಎಂದಿತು ಆ ಕಡೆಯ ದನಿ. ಸೋಮವಾರ ಬಂದು ಶನಿವಾರದ ವಾಸನೆ ತೆಗೆಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಲೆಸ್ಲಿ ಅಂಗಿಯ ತೋಳು ಮಡಚಿದ. ಇಬ್ಬರೂ ಸೇರಿ ಕಬ್ಬಿಣದ ಬಾಗಿಲನ್ನು ಎಳೆದರು. ಅದು ಕಿರ್ರೆಂದು ತೆರೆದದ್ದೇ ಒಳಗಿನಿಂದ ಒಂದು ಉಸಿರು ಹೊರಬಂತು. ಲೆಸ್ಲಿ ಎರಡು ಹೆಜ್ಜೆ ಹಿಂದೆ ಸರಿದು ಶಿಲುಬೆಯ ಗುರುತು ಮಾಡಿಕೊಂಡ.

"ಗಾಳಿಯಾಡದೆ ಹೀಗಾದ್ದು. ಸಿಂಪಲ್. ಒಂದು ಫ್ಯಾನ್ ತನ್ನಿ."

ಸೆಪ್ಟೆಂಬರ್ ತಿಂಗಳು. ದುಬೈಯ ಸೆಪ್ಟೆಂಬರ್ ಎಂದರೆ ಗಾಳಿಯನ್ನು ಉಸಿರಾಡುವುದಲ್ಲ, ಕುಡಿಯುವುದು. ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಆ ಗಾಳಿಯನ್ನೇ ಲೆಸ್ಲಿಯ ಸಲಹೆಯಂತೆ ಸ್ಟ್ಯಾಂಡ್ ಫ್ಯಾನೊಂದು ನೆಲದಡಿಗೆ ಊದತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಟಪ್ ಟಪ್ ಎಂದು ಹನಿ ಬೀಳುವ ಸದ್ದು ಕೇಳಿತು. ಹಾಲ್‌ನಲ್ಲಿ ವಾಸನೆ ಇಮ್ಮಡಿಯಾಯಿತು. ಈಗ ಗೋಣಿಯ ಮೇಲೆ ಮಲಗಿದ್ದ ನಾಯಿ ಎದ್ದು ಮೈ ಕೊಡವಿದಂತಿತ್ತು.

"ಹೊರಗೆ ಬರ್ಲಿಕ್ಕೆ ಶುರುವಾಗಿದೆ, ಒಳ್ಳೇದೇ" ಎಂದ ಲೆಸ್ಲಿ.

"ಹೊರಗೆ ಅಲ್ಲ, ಒಳಗೆ ಬರ್ತಾ ಉಂಟು!" ಎಂದು ಲೋಲಾಕ್ಷಿ ಕಿಟಕಿಯಿಂದ ಕೂಗಿದಳು.

ಕೂಗು ಕೇಳಿ ಒಲಿಂಡಾ ಇಳಿದು ಬಂದಳು. ಅವಳ ಮದ್ದು ಕಾಫಿಪುಡಿ. "ಲೋಲಕ್ಕ, ನಮ್ಮ ಮಮ್ಮಿ ಫ್ರಿಜ್ಜಲ್ಲಿ ಒಂದು ಕಪ್ಪಲ್ಲಿ ಕಾಫಿಪುಡಿ ಇಡ್ತಿದ್ರು. ಮೀನಿನ ವಾಸನೆ ಸಹ ಮಾಫಿ, ಇಲ್ಲವೇ ಇಲ್ಲ!" ಎನ್ನುತ್ತ, ಅಲ್ಯೂಮಿನಿಯಂ ತಟ್ಟೆಯಲ್ಲಿ ಗುಡ್ಡೆ ಹಾಕಿದ ಕಾಫಿಪುಡಿಯನ್ನು ಫ್ಯಾನಿನ ಮುಂದೆಯೇ ಇಟ್ಟಳು. ಇಟ್ಟ ಕ್ಷಣದಲ್ಲಿ ತಟ್ಟೆ ಖಾಲಿ. ಪುಡಿಯೆಲ್ಲ ನೆಲದಡಿಯ ಕತ್ತಲೆಗೆ ಹಾರಿಹೋಗಿ ಅಲ್ಲಿನ ತೇವದಲ್ಲಿ ಡಿಕಾಕ್ಷನ್ ಆಗತೊಡಗಿತು.

ಆಮೇಲೆ ಬಂದವರು ಆಚುಮ್ಮ. ಅವರ ಕೈಯಲ್ಲಿ ಕೆಂಡ ತುಂಬಿದ ಧೂಪದ ಪಾತ್ರೆ, ಕೆಂಡದ ಮೇಲೆ ಅರಬರ ಮನೆಗಳಲ್ಲಿ ಹಾಕುವ ಬಖೂರ್.

"ಜಯಪಾಲಣ್ಣ, ಇದರ ಒಂದು ಹೊಗೆ ಸಾಕು. ನನ್ನ ಮೊಮ್ಮಗನ ಫುಟ್‌ಬಾಲ್ ಶೂ ಇಟ್ಟ ಕಪಾಟಿಗೆ ಹಾಕಿದ್ದೆ, ಈಗ ಸೊಸೆ ಅದರಲ್ಲಿ ಸೀರೆ ಇಡ್ತಾಳೆ" ಎಂದರು.

ಬೇಡ ಎನ್ನುವುದಕ್ಕೆ ಜಯಪಾಲನಿಗೆ ಬಾರದು. ಜುಮೇರಾ ಲೇಕ್ ಟವರ್ಸಿನ ಆಫೀಸಿನಲ್ಲೂ ಅವನು ಹೀಗೆಯೇ. ಯಾರು ಏನು ಕೊಟ್ಟರೂ ತೆಗೆದುಕೊಂಡು, ಕೊಟ್ಟವರಿಗಿಂತ ಹೆಚ್ಚು ಕಷ್ಟಪಡುತ್ತಿದ್ದ. ಧೂಪದ ಪಾತ್ರೆ ಕಬ್ಬಿಣದ ಬಾಗಿಲ ಒಳಗೆ ಹೋಯಿತು. ಫ್ಯಾನು ಹೊಗೆಯನ್ನು ಒಳಗೆ ತಳ್ಳಿತು. ಒಳಗೆ ಹೋದ ಹೊಗೆ ಪೈಪಿನ ಸಂದಿನಿಂದ ಹಾಲ್‌ನೊಳಗೆ ಎದ್ದು, ಸೋಫಾದ ಹಿಂದಿನಿಂದ ಯಕ್ಷಗಾನದ ರಾಕ್ಷಸ ಬರುವ ಮುಂಚಿನ ಹೊಗೆಯಂತೆ ಹರಡಿತು. ಗೋಡೆಯ ಮೇಲಿನ ಅಲಾರ್ಮ್ ಪೀಂ ಪೀಂ ಎಂದು ಬಡಿದುಕೊಂಡಿತು. ಜಯಪಾಲ ಕುರ್ಚಿ ಹತ್ತಿ ಅದಕ್ಕೆ ಹೆಗಲ ಮೇಲಿನ ಬೈರಾಸಿನಿಂದ ಗಾಳಿ ಹಾಕುತ್ತಿದ್ದಾಗ ಮುಂಬಾಗಿಲು ತೆರೆಯಿತು.

ಬ್ಯೂಟಿಪಾರ್ಲರಿನಿಂದ ಬಂದ ಭವ್ಯಶ್ರೀ ಹೊಸ್ತಿಲಲ್ಲೇ ನಿಂತಳು. "ವಾಟ್ ಈಸ್ ದಿಸ್ ಸ್ಮೆಲ್?"

ಉತ್ತರ ಹೇಳಲು ಐವರೂ ಒಟ್ಟಿಗೆ ಬಾಯಿ ತೆರೆದರು. ಅವಳು ಯಾರ ಮಾತೂ ಪೂರ್ತಿ ಕೇಳದೆ ಹೊರಗೆ ಹೋಗಿ ಫ್ಯಾನ್ ಆಫ್ ಮಾಡಿ, ಧೂಪದ ಪಾತ್ರೆಯನ್ನು ಹೊರಗೆಳೆದಳು.

"ಪಪ್ಪಾ, ಫ್ರಿಜ್ಜಿಂದ ತೆಗೆದ ಬಾಟ್ಲಿ ಹೊರಗಿಟ್ರೆ ಏನಾಗ್ತದೆ? ಮೈಯೆಲ್ಲ ನೀರಾಗ್ತದಲ್ಲ? ನಮ್ಮ ನೆಲವೂ ಹಾಗೇ. ಮೇಲಿಂದ ಎಸಿ, ಕೆಳಗಿಂದ ನೀವು ಈ ಹಸಿ ಗಾಳಿ ಊದ್ತಾ ಇದ್ದೀರಿ. ಕೆಳಗೆ ಮಳೆ ಬರ್ತಾ ಇರ್ಬಹುದು."

"ನಾನು ಹೇಳಿದ್ದು ಫ್ಯಾನ್ ಸಣ್ಣಕ್ಕೆ ಇಡಿ ಅಂತ" ಎಂದ ಲೆಸ್ಲಿ, ಆಕಾಶ ನೋಡುತ್ತ.

"ಮೊದಲು ಎಲ್ಲಿಂದ ನೀರು ಬರ್ತದೆ ಅಂತ ನೋಡ್ಬೇಕು. ಒದ್ದೆಯಾದ ವಸ್ತು ತೆಗೀಬೇಕು. ಯಾರಾದ್ರೂ ಒಳಗೆ ಹೋಗ್ಲೇಬೇಕು."

ಲೆಸ್ಲಿಗೆ ಇದ್ದಕ್ಕಿದ್ದಂತೆ ಸೊಂಟ ನೋವು ನೆನಪಾಯಿತು. ಆಚುಮ್ಮ ವಯಸ್ಸನ್ನು ನೆನಪಿಸಿಕೊಂಡರು. ಉಳಿದದ್ದು ಜಯಪಾಲ ಮತ್ತು ಅವನ ಹಳೇ ಲುಂಗಿ.

ತಲೆಗೆ ಹೆಂಡತಿಯ ಪ್ಲಾಸ್ಟಿಕ್ ಸ್ನಾನದ ಟೋಪಿ, ಬಾಯಿಗೆ ಮಾಸ್ಕ್, ಕೈಯಲ್ಲಿ ಟಾರ್ಚ್, ಅಂಗಿಯ ಜೇಬಿನಲ್ಲಿ ಟೇಪಿನ ಸುರುಳಿ ಮತ್ತು ಫೋನು. ಹೀಗೆ ಸಜ್ಜಾಗಿ ಅವನು ಕಬ್ಬಿಣದ ಬಾಗಿಲೊಳಗೆ ತಲೆ ತೂರಿಸಿದ. ಹೊಟ್ಟೆ ಸ್ವಲ್ಪ ಹೊತ್ತು ಹೊರಗೇ ಉಳಿದು ಯೋಚಿಸಿತು. ಲೆಸ್ಲಿ ಹಿಂದಿನಿಂದ ತಳ್ಳಿದ ಮೇಲೆ ಅದೂ ಒಳಗೆ ಹೋಯಿತು.

ಒಳಗೆ ಮಣ್ಣು ಮೆತ್ತಗಿತ್ತು. ಮೇಲಿನಿಂದ ತಣ್ಣನೆಯ ಹನಿಗಳು ಕುತ್ತಿಗೆಯೊಳಗೆ ಇಳಿದವು. ಕಾಫಿ, ಬಖೂರ್, ಬೂಸಲು ಮೂರೂ ಸೇರಿ, ದೊಡ್ಡ ಅರಬ್ ಶೇಖನ ಮದುವೆ ಮನೆಗೆ ನೆರೆ ನೀರು ನುಗ್ಗಿದಂಥ ಪರಿಮಳ. ಜಯಪಾಲ ಮೊಣಕೈ ಊರಿ ಮೊಸಳೆಯಂತೆ ಮುಂದೆ ಸರಿದ. ಹಾಲ್‌ನ ಕೆಳಗೆ ಬರುತ್ತಿದ್ದಂತೆ ಟಾರ್ಚಿನ ಬೆಳಕಿನಲ್ಲಿ ಏನೋ ದಪ್ಪಗೆ ಮಲಗಿದ್ದು ಕಂಡಿತು. ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನೋಡಿದರೆ, ಹಿಂದಿನ ಬಾಡಿಗೆಯವರು ಯಾವ ಕಾಲದಲ್ಲೋ ಸುತ್ತಿ ತುರುಕಿ ಹೋದ ಒಂದು ಕಾರ್ಪೆಟ್. ನೀರು ಕುಡಿದು ಕುಡಿದು ಎಮ್ಮೆಯಂತೆ ಉಬ್ಬಿತ್ತು. ಮೈತುಂಬ ಕಪ್ಪು ಬೂಸಲು. ಅದರ ಮೇಲೆ ನೇರವಾಗಿ, ಮಹಡಿಯಿಂದ ಬಂದ ಪೈಪಿನ ಬಾಗಿದ ತುಂಡು ಕಳಚಿಕೊಂಡು ನೀರು ಸುರಿಸುತ್ತಿತ್ತು.

"ಲೆಸ್ಲೀ!" ಎಂದು ಜಯಪಾಲ ಕೂಗಿದ. "ಇದು ನಿಮ್ಮ ಎಸಿಯ ನೀರು ಮಾರ್ರೆ!"

ಹೊರಗಿನಿಂದ ಲೆಸ್ಲಿಯ ದನಿ ಕೇಳಿತು, ಮೊದಲಿಗಿಂತ ಮೆಲ್ಲಗೆ. "ಸರಿ ನೋಡಿ ಜಯಪಾಲ್. ನೀರಿಗೆ ಹೆಸರು ಬರೆದಿರ್ತದಾ?"

"ನಿಮ್ಮ ಎಸಿ ಬಂದ್ ಮಾಡಿ, ನೀರು ನಿಂತ್ರೆ ಗೊತ್ತಾಗ್ತದೆ!"

"ಸೆಪ್ಟೆಂಬರ್ ತಿಂಗಳಲ್ಲಾ? ನಾವು ಬದುಕೋದು ಬೇಡ್ವಾ?" ಎಂದಳು ಒಲಿಂಡಾ. ಆದರೂ ಹೋಗಿ ಬಂದ್ ಮಾಡಿ ಬಂದಳು. ನೀರು ನಿಂತಿತು. ಜಯಪಾಲ ಪೈಪನ್ನು ಆ ಬಾಗಿದ ತುಂಡಿಗೆ ಒತ್ತಿ ಸೇರಿಸಿ, ಟೇಪನ್ನು ಮುಗಿಯುವವರೆಗೂ ಸುತ್ತಿದ. ಇಷ್ಟು ದಿನ ಆಫೀಸಿನಲ್ಲಿ ಕಾಗದಪತ್ರ ಕಾಯುತ್ತ ಕೂತಿದ್ದ ತನ್ನ ಕೈಗೆ ಇಂಥ ಕೆಲಸವೂ ಬರುತ್ತದೆ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಇನ್ನು ಕಾರ್ಪೆಟ್ ಎಳೆದು ಹೊರಗೆ ಹಾಕಿದರೆ ಖಲಾಸ್.

ಆಗ ಗೇಟಿನ ಬಳಿ ಕಾರು ನಿಂತ ಸದ್ದು.

ಅಲ್ ಐನ್‌ನವರು ಬೇಗ ಬಂದಿದ್ದರು. ಕರಾಮಾದಲ್ಲಿ ಏನೋ ಖರೀದಿ ಇತ್ತಂತೆ, ಅದು ಬೇಗ ಮುಗಿಯಿತಂತೆ. ಲೆಸ್ಲಿಗೆ ಕೈಕಾಲು ಆಡಲಿಲ್ಲ. ಹೆಣ್ಣಿನ ತಂದೆ ಸ್ನಾನದ ಟೋಪಿ ಹಾಕಿಕೊಂಡು ನೆಲದಿಂದ ಏಳುವುದನ್ನು ಬೀಗರು ನೋಡಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಅವನು ಕಬ್ಬಿಣದ ಬಾಗಿಲನ್ನು ಮುಚ್ಚಿದ. ಮುಚ್ಚಿದ್ದು ಸಾಲದೆಂದು ಅದರ ಮುಂದೆ ಒಲಿಂಡಾಳ ದೊಡ್ಡ ಹೂಕುಂಡವನ್ನು ಎಳೆದು ಇಟ್ಟ.

ಕತ್ತಲೆಯಲ್ಲಿ ಜಯಪಾಲನಿಗೆ ಉಳಿದದ್ದು ಕಿವಿ ಮಾತ್ರ. ಪೈಪಿನ ಸಂದಿನಿಂದ ಹಾಲ್‌ನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಹುಡುಗನ ತಂದೆ ತ್ಯಾಂಪಣ್ಣನ ಭಾರೀ ದನಿ, ತಾಯಿ ವಾರಿಜಕ್ಕನ ಮೆಲುದನಿ, ಸೋಫಾ ಕುಸಿದ ಸದ್ದು. ತ್ಯಾಂಪಣ್ಣ ಅಲ್ ಐನ್‌ನಲ್ಲಿ ಜವಳಿ ಅಂಗಡಿ ಇಟ್ಟವರು. ಅವರು ಸರಿಯಾಗಿ ಜಯಪಾಲನ ತಲೆಯ ಮೇಲೆ ಕೂತಿದ್ದರು.

"ಜಯಪಾಲರು ಎಲ್ಲಿ, ಕಾಣುವುದಿಲ್ಲ?"

"ಅವ್ರು... ಆಫೀಸಿಗೆ. ಅರ್ಜೆಂಟ್ ಕರೆದ್ರು. ಜುಮೇರಾ ಲೇಕ್ ಟವರ್ಸಿಗೆ ಹೋಗಿದ್ದಾರೆ" ಎಂದಳು ಲೋಲಾಕ್ಷಿ.

"ಇವತ್ತು ರಜೆಯಲ್ಲ? ಪಾಪ. ಒಂದು ಮಾತು ಹೇಳಿಬಿಡ್ತೇನೆ, ಗಡಿಬಿಡಿ ಮಾಡ್ಬೇಡಿ ಅಂತ."

ಬೇಡ ಎಂದು ಲೋಲಾಕ್ಷಿ ಬಾಯಿ ತೆರೆಯುವ ಮೊದಲೇ ತ್ಯಾಂಪಣ್ಣ ಫೋನಿನ ಗುಂಡಿ ಒತ್ತಿದ್ದರು. ಅವರ ಕಾಲ ಬುಡದಲ್ಲೇ, ನೆಲದೊಳಗಿನಿಂದ, ಚೆಂಡೆ ಬಾರಿಸಿದಂತೆ ರಿಂಗ್ ಆಯಿತು.

ಎಲ್ಲರೂ ನೆಲ ನೋಡಿದರು.

"ಫೋನ್ ಮರೆತು ಹೋಗಿದ್ದಾರೆ" ಎಂದಳು ಲೋಲಾಕ್ಷಿ.

"ಸೋಫಾದಡಿಗೆ ಬಿದ್ದಿರ್ಬೇಕು" ಎಂದರು ಗೋಳಿಬಜೆಯ ತಟ್ಟೆ ಹಿಡಿದು ಬಂದ ಆಚುಮ್ಮ.

ತ್ಯಾಂಪಣ್ಣ ಒಳ್ಳೆಯವರು. ತಾವೇ ಬಗ್ಗಿ ಸೋಫಾದಡಿಗೆ ಕೈ ಹಾಕಿ ಹುಡುಕಿದರು. ಕೆಳಗೆ ಜಯಪಾಲ ಫೋನು ಬಂದ್ ಮಾಡಲು ಅಂಗಿಯ ಜೇಬಿಗೆ ಕೈ ಹಾಕಿದ ರಭಸಕ್ಕೆ ಪಕ್ಕದ ಒಣ ಇಟ್ಟಿಗೆಯ ಮೇಲೆ ಕೂತಿದ್ದ ಕಾಫಿಪುಡಿ ಎದ್ದಿತು. ಮಾಸ್ಕ್ ಯಾವಾಗಲೋ ಗಲ್ಲಕ್ಕೆ ಇಳಿದಿತ್ತು. ಅವನು ಮೂಗು ಹಿಡಿದ. ಉಸಿರು ಹಿಡಿದ. ಕುಲದೈವವನ್ನು ನೆನೆದ.

"ಆಆಆ... ಕ್ಷೀ!"

ಮೇಲೆ ತಟ್ಟೆಯಲ್ಲಿದ್ದ ಚಮಚಗಳು ಕಿಣಿಕಿಣಿ ಎಂದವು.

"ಗಾಡ್ ಬ್ಲೆಸ್ ಯೂ" ಎಂದಳು ಒಲಿಂಡಾ ನೆಲದ ಕಡೆ ನೋಡಿ, ಅಭ್ಯಾಸಬಲದಿಂದ.

ತ್ಯಾಂಪಣ್ಣ ಮಂಡಿಯೂರಿದಲ್ಲೇ ತಲೆ ಎತ್ತಿದರು. "ನೆಲ ಸೀನಿತಲ್ಲ ಮಾರ್ರೆ!"

ವಾರಿಜಕ್ಕ ಕಾಲುಗಳನ್ನು ಮೇಲಕ್ಕೆತ್ತಿ ಸೋಫಾದಲ್ಲಿ ಚಕ್ಕಳಮಕ್ಕಳ ಕೂತರು. ಲೋಲಾಕ್ಷಿಯ ಕಣ್ಣಲ್ಲಿ ನೀರು ತುಂಬಿತು. ಆಗ ಭವ್ಯಶ್ರೀಗೆ ನಗು ತಡೆಯಲಾಗಲಿಲ್ಲ.

"ಅಂಕಲ್, ಕೆಳಗಿರೋದು ನಮ್ಮ ಪಪ್ಪಾ. ನೀವು ಬರ್ತೀರಿ ಅಂತ ವಾಸನೆ ತೆಗೀಲಿಕ್ಕೆ ಒಳಗೆ ಹೋಗಿದ್ದಾರೆ" ಎಂದಳು.

ತ್ಯಾಂಪಣ್ಣ ಎದ್ದು ನೇರ ಹೊರನಡೆದರು. ಹಿಂದೆ ಇಡೀ ಮೆರವಣಿಗೆ. ಹೂಕುಂಡ ಸರಿಸಿ, ಕಬ್ಬಿಣದ ಬಾಗಿಲನ್ನು ಅವರೇ ಎಳೆದು ತೆರೆದರು. ಮೊದಲು ಬೂಸಲು ಹಿಡಿದ ಕಾರ್ಪೆಟಿನ ತುದಿ ಬಂತು, ಆಮೇಲೆ ಒಂದು ಸ್ನಾನದ ಟೋಪಿ ಬಂತು, ಅದರ ಕೆಳಗೆ ಕಾಫಿಪುಡಿ ಮೆತ್ತಿದ ಜಯಪಾಲನ ಮುಖ. ಮುಖ ನಗಲು ಯತ್ನಿಸಿತು.

"ನಮಸ್ಕಾರ. ಪ್ರಯಾಣ ಎಲ್ಲ ಸುಖವಾಯ್ತಾ?"

ಲೋಲಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತ್ಯಾಂಪಣ್ಣ ಕಾರ್ಪೆಟ್ ನೋಡಿದರು, ಬಾಗಿಲೊಳಗೆ ತಲೆ ಹಾಕಿ ಗಾಳಿಯನ್ನು ಆಳವಾಗಿ ಎಳೆದುಕೊಂಡರು, ತಿರುಗಿ ಹೆಂಡತಿಯನ್ನು ನೋಡಿದರು. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಜಾತ್ರೆಯಲ್ಲಿ ಕಳೆದುಹೋದ ತಮ್ಮ ಸಿಕ್ಕಿದಂಥ ಬೆಳಕು.

"ವಾರಿಜಾ, ಇದೇ! ಇದೇ ವಾಸನೆ! ನಮ್ಮ ಮನೆಯದ್ದೇ!"

ಅಲ್ ಐನ್‌ನಲ್ಲಿ ಅವರು ಇದ್ದದ್ದೂ ಇಂಥದೇ ಹಳೇ ವಿಲ್ಲಾ, ಅದಕ್ಕೂ ಇಂಥದೇ ಟೊಳ್ಳು. ಬೇಸಿಗೆ ಶುರುವಾದಾಗಿನಿಂದ ಮನೆಯಲ್ಲಿ ವಾಸನೆಯಂತೆ. ವಾರಿಜಕ್ಕ ಗಂಡನ ಬೂಟುಗಳನ್ನೆಲ್ಲ ಕಾರಿನ ಡಿಕ್ಕಿಗೆ ಸಾಗಿಸಿದ್ದರಂತೆ. ಇದನ್ನು ಕೇಳಿದ್ದೇ ಜಯಪಾಲನಿಗೆ ಬೀಗರ ಮೇಲೆ ಅಂತಃಕರಣ ಉಕ್ಕಿತು. ಇಬ್ಬರೂ ಕೈ ಹಿಡಿದುಕೊಂಡರು, ಒಬ್ಬರ ಕೈ ಕೆಸರಾಗಿದ್ದರೂ.

ಆಮೇಲೆ ಎಲ್ಲ ಹೂವೆತ್ತಿದಂತೆ ನಡೆಯಿತು. ಕಾರ್ಪೆಟ್ ಗೇಟಿನಾಚೆ ಹೋಯಿತು. ಜಯಪಾಲ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಂದ. ಹಾಲ್‌ನಲ್ಲಿ ಈಗ ಗೋಳಿಬಜೆಯ ಪರಿಮಳ ಮಾತ್ರ. ಹುಡುಗ ಹುಡುಗಿ ಮಾತಾಡಿಕೊಂಡು ಬರಲಿ ಎಂದು ಇಬ್ಬರನ್ನೂ ಹತ್ತಿರದ ಅಂಗಡಿಗೆ ಚಹಾ ಕುಡಿಯಲು ಕಳಿಸಿದರು. ಸಿಟೌಟಿನಲ್ಲಿ ತ್ಯಾಂಪಣ್ಣ ಶಿಷ್ಯನಂತೆ ಕೂತು ಕೇಳಿದರು, ಜಯಪಾಲ ಗುರುವಿನಂತೆ ಹೇಳಿದ. ಸ್ವಲ್ಪ ಮೊದಲಷ್ಟೇ ಮಗಳಿಂದ ಕಲಿತ ಬಾಟ್ಲಿಯ ಉದಾಹರಣೆಯನ್ನು ಹುಟ್ಟಿದಾಗಿನಿಂದ ಗೊತ್ತಿದ್ದವನಂತೆ ವಿವರಿಸಿದ.

"ಹೊರಗಿನ ಹಸಿ ಗಾಳಿ ಊದ್ಲೇಬಾರದು. ಮೊದಲು ನೀರಿನ ಮೂಲ ಹುಡುಕ್ಬೇಕು. ಮತ್ತೆ ಒಂದು ಮಾತು ತ್ಯಾಂಪಣ್ಣ, ಯಾವುದನ್ನೂ ಒಳಗೆ ಮುಚ್ಚಿಡಬಾರದು. ಮುಚ್ಚಿಟ್ರೆ ನಾರ್ತದೆ, ಹೊರಗೆ ತೆಗೆದ್ರೆ ಒಣಗ್ತದೆ."

"ಎಂಥ ಮಾತು!" ಎಂದರು ತ್ಯಾಂಪಣ್ಣ. "ಜಯಪಾಲರೆ, ಎಷ್ಟೋ ಮನೆ ನೋಡಿದ್ದೇನೆ, ಬೀಗರಿಗಾಗಿ ನೆಲದಡಿಗೆ ಇಳಿದ ಮನುಷ್ಯನನ್ನು ನೋಡ್ಲಿಲ್ಲ. ನಮ್ಮ ಮನೆಯದ್ದನ್ನೂ ನೀವೇ ನೋಡಿ ಕೊಡ್ಬೇಕು."

"ಅದಕ್ಕೇನು! ಬರುವ ಶನಿವಾರವೇ ಬರ್ತೇನೆ. ನಾನೇ ಒಳಗೆ ಇಳೀತೇನೆ. ಮಾತು ಅಂದ್ರೆ ಮಾತು."

ಒಳಗೆ ಲೋಲಾಕ್ಷಿ ಇದನ್ನು ಕೇಳಿಸಿಕೊಂಡು ಆಚುಮ್ಮನ ಕೈ ಒತ್ತಿದಳು. ಆಚುಮ್ಮ ಸಂತೋಷಕ್ಕೆ ಉಳಿದ ಬಖೂರನ್ನೂ ಕೆಂಡಕ್ಕೆ ಹಾಕಹೊರಟರು, ಒಲಿಂಡಾ ತಡೆದಳು. ಜಯಪಾಲ ಕುರ್ಚಿಗೆ ಒರಗಿದ. ಜನ ಮಗಳ ಮದುವೆಗೆಂದು ಚಪ್ಪಲಿ ಸವೆಸುತ್ತಾರೆ, ತನ್ನದು ಬರೀ ಮೊಣಕೈ ಸವೆದು ಮುಗಿಯಿತಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಭವ್ಯಶ್ರೀ ಮತ್ತು ಶ್ರವಣ್ ನಗುತ್ತಲೇ ಬಂದರು. ಇಬ್ಬರ ಕೈಯಲ್ಲೂ ಎಲ್ಲರಿಗೂ ತಂದ ಚಹಾದ ಕಪ್ಪುಗಳು. ಅವರ ನಗು ನೋಡಿ ಲೋಲಾಕ್ಷಿ ದೇವರ ಫೋಟೋದ ಕಡೆ ತಿರುಗಿದಳು.

"ಅಪ್ಪಾ, ಒಂದು ವಿಷಯ ಹೇಳ್ಲಿಕ್ಕುಂಟು" ಎಂದ ಶ್ರವಣ್. "ನನಗೆ... ನನ್ನ ಜೊತೆ ಕೆಲಸ ಮಾಡುವ ತೃಷಾ ಅಂತ ಇದ್ದಾಳೆ. ಅವಳನ್ನೇ ಮದುವೆ ಆಗ್ಬೇಕು ಅಂತ ಎರಡು ವರ್ಷದಿಂದ ಉಂಟು. ನಿಮಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ದೇವರ ಫೋಟೋದ ಕಡೆ ತಿರುಗಿದ್ದ ಲೋಲಾಕ್ಷಿ ಗಕ್ಕನೆ ಈಚೆ ತಿರುಗಿದಳು.

"ಮತ್ತೆ ಈಗ ಯಾಕೆ ಹೇಳಿದ್ದು?" ಎಂದರು ತ್ಯಾಂಪಣ್ಣ.

"ಭವ್ಯಶ್ರೀ ಹೇಳಿದ್ರು. ನಿಮ್ಮ ಅಪ್ಪ ಇವತ್ತಿನಷ್ಟು ಖುಷಿಯಲ್ಲಿ ಇನ್ನು ಯಾವತ್ತೂ ಇರ್ಲಿಕ್ಕಿಲ್ಲ, ಈಗಲೇ ಹೇಳಿಬಿಡಿ ಅಂತ."

ಜಯಪಾಲ ಮಗಳನ್ನು ನೋಡಿದ. ಮಗಳು ಭುಜ ಹಾರಿಸಿದಳು. "ಪಪ್ಪಾ, ಹಿ ಈಸ್ ವೆರಿ ನೈಸ್. ಆದ್ರೆ ಬೇರೆಯವಳ ಮೇಲೆ ಮನಸ್ಸಿಟ್ಟವನನ್ನು ನಾನು ಏನು ಮಾಡ್ಲಿ?"

ಎಲ್ಲರೂ ತ್ಯಾಂಪಣ್ಣನ ಬಾಯಿಯನ್ನೇ ನೋಡಿದರು. ಗುಡುಗು ಬರುತ್ತದೆ ಎಂದುಕೊಂಡು ಲೆಸ್ಲಿ ಒಂದು ಮೆಟ್ಟಿಲು ಮೇಲೆ ಹತ್ತಿ ನಿಂತ. ತ್ಯಾಂಪಣ್ಣ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಎದ್ದು ಮಗನ ಭುಜದ ಮೇಲೆ ಕೈ ಇಟ್ಟರು.

"ಎರಡು ವರ್ಷ ಒಳಗೇ ಮುಚ್ಚಿಟ್ಟಿದ್ಯಲ್ಲ ಮಗ. ಈಗಷ್ಟೇ ಜಯಪಾಲರು ಹೇಳಿದ್ರು, ಮುಚ್ಚಿಟ್ರೆ ನಾರ್ತದೆ, ಹೊರಗೆ ತೆಗೆದ್ರೆ ಒಣಗ್ತದೆ ಅಂತ. ಒಳ್ಳೇ ಕೆಲಸ ಮಾಡಿದೆ. ಫೋನ್ ಕೊಡು, ಆ ಹುಡುಗಿಯ ಅಪ್ಪನ ಹತ್ರ ನಾನೇ ಮಾತಾಡ್ತೇನೆ."

ಗೇಟಿನ ಬಳಿ ಹೋಗಿ ಅವರು ಮಾತಾಡಿದರು. ಮಾತಾಡುತ್ತ ನಕ್ಕರು. ಈ ಕಡೆ ಲೋಲಾಕ್ಷಿ ಗಂಡನ ಕಡೆ ಒಂದು ನೋಟ ಬೀರಿದಳು. ಆ ನೋಟದಲ್ಲಿ ಅವನ ಬಾಯಿ, ಅವನ ಗಾದೆ, ಅವನ ಹುಟ್ಟಿದ ನಕ್ಷತ್ರ ಎಲ್ಲವೂ ಬಂದವು.

ಹೊರಡುವ ಹೊತ್ತಿಗೆ ತ್ಯಾಂಪಣ್ಣ ಜಯಪಾಲನನ್ನು ತಬ್ಬಿಕೊಂಡರು. ಕಿವಿಯಲ್ಲಿ ಏನೋ ಹೇಳಿ, ಎರಡೆರಡು ಸಲ ಕೈ ಕುಲುಕಿ, ಕಾರು ಹತ್ತಿದರು. ಲೆಸ್ಲಿ ಮೆಟ್ಟಿಲಿಳಿದು ಓಡಿ ಹೋಗಿ, "ಅಂಕಲ್, ಟಾರ್ಚ್ ಹಿಡೀಲಿಕ್ಕೆ ನಾನೂ ಬರ್ತೇನೆ" ಎಂದು ಕಿಟಕಿಯೊಳಗೆ ಕೂಗಿದ. ಕಾರು ತಿರುವಿನಲ್ಲಿ ಮರೆಯಾಯಿತು.

"ಎಂತ ಹೇಳಿದ್ರು ಕಿವಿಯಲ್ಲಿ?" ಎಂದಳು ಲೋಲಾಕ್ಷಿ.

"ಶನಿವಾರ ಸಂಜೆ ತೃಷಾನ ಮನೆಯವರು ಅವರಲ್ಲಿಗೆ ಬರ್ತಾರಂತೆ" ಎಂದ ಜಯಪಾಲ. "ಅದಕ್ಕೆ ನಾನು ಬೆಳಿಗ್ಗೆಯೇ ಬಂದು ಇಳೀಬೇಕಂತೆ. ಹುಡುಗಿಯ ಅಮ್ಮನಿಗೆ ಮೂಗು ಬಹಳ ಚುರುಕಂತೆ."